ಹನ್ನೊಂದನೇ ಮಳಿಗೆ

ಚೇಳೂರು ಬಸ್ಸು ತಿರುಗುವ ಮೂಲೆಯಲ್ಲಿ
ಇಪ್ಪತ್ತೆರಡು ಶಟರು, ಎದುರುಬದುರು ಎರಡು ಸಾಲು,
ನಡುವೆ ನೀರು ಬಾರದ ಒಂದು ನಲ್ಲಿ.
ಕಾಗದದಲ್ಲಿ ಪುರಸಭೆ ವಾಣಿಜ್ಯ ಮಳಿಗೆ,
ಚಿಂತಾಮಣಿಯವರ ಬಾಯಲ್ಲಿ ಬರೀ ಲೈನು.
"ಲೈನಿಗೆ ಹೋಗಿ ಬರ್ತೀನಿ" ಅಂದವರನ್ನ
ಸೂಜಿಗೋ ಸಕ್ಕರೆಗೋ ಸಾಲಕ್ಕೋ ಅಂತ ಕೇಳಬಾರದು.

ನಾನು ಶಟರು ರಿಪೇರಿಯವನು.
ಅಂಗಡಿಗಳು ನನಗೆ ನೆತ್ತಿಯಿಂದ ಪರಿಚಯ.
ಏಣಿ ಹತ್ತಿ ಡಬ್ಬದ ತಗಡು ಬಿಚ್ಚಿದರೆ
ಸ್ಪ್ರಿಂಗು, ಗುಬ್ಬಿ ಬಿಟ್ಟುಹೋದ ಹುಲ್ಲು,
ಯಾವ ಕಾಲದ ದೃಷ್ಟಿಗೋ ಕಟ್ಟಿ
ಗೋಲಿಯ ಹಾಗೆ ಒಣಗಿದ ನಿಂಬೆಹಣ್ಣು.

ಮೂರನೇ ನಂಬರು ಮೊದಲು ಪದ್ಮನಾಭ ಶೆಟ್ಟರ ಎಣ್ಣೆ ಅಂಗಡಿ.
ಅದಕ್ಕೆ ಗ್ರೀಸೇ ಬೇಕಿರಲಿಲ್ಲ,
ಕಬ್ಬಿಣವೇ ಕಡ್ಲೆಕಾಯಿ ಎಣ್ಣೆ ಕುಡಿದು ಮೆತ್ತಗಿತ್ತು.
ಆಮೇಲೆ ಕ್ಯಾಸೆಟ್ಟು. ಆಮೇಲೆ ಎಸ್‌ಟಿಡಿ ಬೂತು:
ಗಾಜಿನ ಗೂಡಿನೊಳಗೆ ಸೌದಿಯ ಗಂಡನ ಜೊತೆ
ಜಗಳಕ್ಕೂ ಪುರುಸೊತ್ತಿಲ್ಲದೆ
ಮೀಟರಿನ ಕೆಂಪು ಅಂಕಿ ನೋಡುತ್ತ ನಿಂತ ಶಮೀಮ್‌ಬಿ.
ಈಗ ಮೊಬೈಲು ಕವರು. ಬರೋ ಯುಗಾದಿಗೆ ಏನೋ.
ಯಾರೇ ಬರಲಿ, ಬಿಸಿಲೇರಿದರೆ
ಗೋಡೆ ಹಿಂಡಿಯ ವಾಸನೆ ಬಿಡುತ್ತೆ;
ಕವರು ಕೊಳ್ಳೋ ಹುಡುಗರು ಮೂಗು ಎಳೆದು
"ಹಸಿವಾಯ್ತು ಕಣೋ" ಅಂತಾರೆ.

ಒಂಬತ್ತರಲ್ಲಿ ಅಲಮೇಲಮ್ಮನ ಬಳೆ.
ಸದ್ದಿಗೆ ಬಳೆ ಬೆಚ್ಚುತ್ತವೆ ಅಂತ
ರಾತ್ರಿ ಶಟರನ್ನ ಗೇಣು ಗೇಣಾಗಿ ಇಳಿಸುವಳು,
ಲೈನಿಗೆಲ್ಲ ಮೊದಲು ಶುರುಮಾಡಿ ಕೊನೆಗೆ ಮುಗಿಸುವಳು.
ಅಲ್ಲೀಗ ಎಟಿಎಂ.
ಹಗಲೂ ರಾತ್ರಿ ತೆರೆದೇ ಇರುವ ಅಂಗಡಿಯಿಂದ
ನನಗೇನು ಗಿಟ್ಟುತ್ತೆ, ನೀವೇ ಹೇಳಿ.

ಹೋದ ಗುರುವಾರ ಬಿಲ್ ಕಲೆಕ್ಟರ್ ಲಕ್ಷ್ಮೀಪತಿ ಬಂದರು.
"ಹನ್ನೊಂದು ಒಡೀಬೇಕು ಪಿಳ್ಳಪ್ಪ, ಆರು ವರ್ಷದ ಬಾಡಿಗೆ ಬಾಕಿ."
ಹನ್ನೊಂದು, ಟೈಲರ್ ಖಾಜಾ ಭಾಯಿದು.
ಮದನಪಲ್ಲಿಯ ಮಗಳ ಮನೆಗೆ ಹೋದವನು.
ಅಲ್ಲೇ ಮಣ್ಣಾದ ಅಂತ ಪಾನ್ ಅಂಗಡಿಯವನು,
ಇಲ್ಲ, ಅಲ್ಲೂ ಹೊಲೀತಾನೆ ಅಂತ ಇಸ್ತ್ರಿಯವನು.

ಬೀಗ ಒಡೆದೆ. ಶಟರು ಏಳಲಿಲ್ಲ.
ಎಡಗಡೆ ಸ್ಪ್ರಿಂಗು. ನನಗೆ ಗೊತ್ತಿದ್ದದ್ದೇ.
ಹೆಗಲು ಕೊಟ್ಟು ಅರ್ಧ ಎತ್ತಿ ತೂರಿದೆವು,
ಹಾಗೇ ತೂರುತ್ತಿದ್ದ ಅವನೂ, ಅಷ್ಟು ವರ್ಷ.

ಒಳಗೆ ತಂತಿಯ ಮೇಲೆ ಊರಿನ ಅಳತೆಯೆಲ್ಲ ತೂಗುತ್ತಿತ್ತು.
ಮದುವೆಯ ಜಾಕೀಟು, ಕಾಲೇಜಿನ ಪ್ಯಾಂಟು,
ಒಂದೇ ತೋಳಿನ ರವಿಕೆ,
ಒಂದೊಂದಕ್ಕೂ ಗುಂಡುಸೂಜಿಯಲ್ಲಿ ಚೀಟಿ:
ಹೆಮ್ಮಿಂಗ್ ಬಾಕಿ, ಗುಂಡಿ ಬಾಕಿ.
ಲಕ್ಷ್ಮೀಪತಿ ಪಂಚನಾಮೆಗೆ ಬರೆದುಕೊಂಡರು:
ಹಳೇ ಬಟ್ಟೆ, ನಲವತ್ಮೂರು.

ನಲವತ್ತೊಂದನೆಯದು ನೀಲಿ ಗೀರಿನ ಷರ್ಟು.
"ಶಟರ್ ಪಿಳ್ಳಪ್ಪ. ಕಾಜಾ ಬಾಕಿ."

ಬಾಮೈದನ ಮದುವೆಗೆ ಅಂತ ಕೊಟ್ಟಿದ್ದು.
ದಿನಾ ಅವನು ನನ್ನ ತೆಲುಗಿನಲ್ಲಿ "ರೇಪು ರಾ" ಅನ್ನುವನು,
ಸ್ಪ್ರಿಂಗಿನ ಮಾತೆತ್ತಿದರೆ ನಾನು ಅವನ ಉರ್ದುವಿನಲ್ಲಿ
"ಕಲ್ ಆತೂಂ ಭಾಯ್" ಅನ್ನುವೆ.
ಮದುವೆಗೆ ಬಾಮೈದನ ಷರ್ಟೇ ತೊಟ್ಟು ಹೋದೆ.
ಆ ಬಾಮೈದನಿಗೆ ಈಗ ಅಳಿಯ ಬಂದಿದ್ದಾನೆ.

ಎದೆಗೆ ಹಿಡಿದು ನೋಡಿದೆ.
ಹೊಟ್ಟೆಯ ಹತ್ತಿರ ಎರಡು ಅಂಚೂ ದೂರದೂರ.
"ಇದು ನಂದು ಸಾರ್" ಅಂದೆ.
"ಚೀಟಿ ಇದೆಯಾ?" ಅಂದರು ಲಕ್ಷ್ಮೀಪತಿ.
ಅವರ ತಪ್ಪೇನಿಲ್ಲ. ಎಣಿಕೆ ಆಗಿಹೋಗಿತ್ತು.

ಏಣಿ ತರಿಸಿ ಸ್ಪ್ರಿಂಗು ಬದಲಿಸಿದೆ,
ಗಾಡಿಗೆ ಗ್ರೀಸು ಕೊಟ್ಟೆ, ಕೈಯಲ್ಲೇ ಸವರಿ.
ಬೆರಳೊಂದಕ್ಕೆ ಎತ್ತಿತು ಶಟರು,
ಅಂಗಡಿಯಲ್ಲಿ ಯಾರೂ ಇಲ್ಲದ ಹಗುರಕ್ಕೆ.
ಮಂಗಳವಾರ ಹರಾಜು. ಮೋಮೋ ಅಂಗಡಿ ಬರುತ್ತಂತೆ.

"ಎಷ್ಟಾಯ್ತು ಪಿಳ್ಳಪ್ಪ?" ಅಂದರು.
ಕೈ ಒರೆಸಲು ಬಟ್ಟೆ ಹುಡುಕುತ್ತ
"ನಾಳೆ ಹೇಳ್ತೀನಿ" ಅಂದೆ.